ಮಲೆನಾಡಿನ ಮಾಡು, ವಾಸ್ತುಶಿಲ್ಪದ ಓದು



ನಮ್ಮ ಕಾಫಿ ಸೀಮೆಯಲ್ಲಿ ಮಗನೋ ಮಗಳೋ ಎರಡನೆಯ ಪಿ.ಯು.ಸಿ. ಮುಗಿಸಿದರೆಂದರೆ ಮನೆಗೆ ಬಂದವರೆಲ್ಲರ ಬಾಯಲ್ಲಿ ಬರುವ ಪ್ರಶ್ನೆ ಒಂದೇ: 'ಮುಂದೇನು, ಡಾಕ್ಟರೋ ಇಂಜಿನಿಯರೋ?' ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆಗಳಲ್ಲಿ ಈ ಪ್ರಶ್ನೆಗೆ ಮೂರನೆಯದೊಂದು ಉತ್ತರ ಕೊಡುವ ಮಕ್ಕಳೂ ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. 'ಆರ್ಕಿಟೆಕ್ಚರ್ ಓದುತ್ತೇನೆ' ಎನ್ನುತ್ತಾರೆ ಅವರು. ಕೇಳಿದ ಹಿರಿಯರು ಅದನ್ನು ಮೂರು ಬಗೆಯಾಗಿ ಅರ್ಥಮಾಡಿಕೊಳ್ಳುವುದುಂಟು. ಸಿವಿಲ್ ಇಂಜಿನಿಯರಿಂಗಿನದೇ ಇನ್ನೊಂದು ಹೆಸರು ಇದು ಎಂದು ಕೆಲವರು. ಬಾಗಿಲು ಯಾವ ದಿಕ್ಕಿಗಿರಬೇಕೆಂದು ಹೇಳುವ ವಾಸ್ತು ಎಂದು ಕೆಲವರು. ಬೇಲೂರಿನ ಗುಡಿಯಲ್ಲಿ ಕಾಣುವಂಥ ಕಲ್ಲು ಕೆತ್ತನೆ ಎಂದು ಮತ್ತೆ ಕೆಲವರು. ಮೂರರಲ್ಲಿಯೂ ಸತ್ಯದ ಒಂದೊಂದು ಎಳೆ ಇದೆ. ಆದರೆ ಮೂರನ್ನೂ ಕೂಡಿಸಿದರೂ ಈ ವಿದ್ಯೆಯ ಪೂರ್ಣರೂಪ ದೊರೆಯುವುದಿಲ್ಲ. ಆ ರೂಪ ಎಂಥದು, ನಮ್ಮ ಬೆಟ್ಟಗಳ ನಾಡಿಗೆ ಅದರಿಂದ ಏನಾಗಬೇಕಾಗಿದೆ ಎಂಬುದನ್ನು ಈ ಹೊತ್ತು ನಿಮ್ಮೊಂದಿಗೆ ವಿಚಾರಮಾಡಬೇಕೆಂದಿದ್ದೇನೆ.

'ವಾಸ್ತು' ಎಂಬ ಶಬ್ದ ವಾಸಿಸುವುದು ಎಂಬರ್ಥದ ಧಾತುವಿನಿಂದ ಬಂದದ್ದು. ಮನುಷ್ಯ ವಾಸಮಾಡುವ ನೆಲೆಯೇ ವಾಸ್ತು. ಆ ನೆಲೆಯನ್ನು ನೆಲ, ನೀರು, ಗಾಳಿ, ಬೆಳಕುಗಳಿಗೆ ಹೊಂದುವಂತೆ, ಬಾಳುವವರ ಬದುಕಿಗೆ ಒದಗುವಂತೆ, ಕಣ್ಣಿಗೂ ಮನಸ್ಸಿಗೂ ಒಪ್ಪುವಂತೆ ಕಲ್ಪಿಸುವುದು ವಾಸ್ತುಶಿಲ್ಪ. ಗೋಡೆ ಎಷ್ಟು ಭಾರ ಹೊರಬಲ್ಲದು ಎಂಬ ಲೆಕ್ಕ ಇಂಜಿನಿಯರನ ಪ್ರಧಾನ ಕಾರ್ಯ. ಆ ಗೋಡೆ ಅಲ್ಲಿ ಏಕೆ ಇರಬೇಕು, ಇರದಿದ್ದರೆ ಏನಾಗುತ್ತಿತ್ತು, ಅದರ ಆಚೆ ಈಚೆ ಯಾರು ಕುಳಿತಿರುತ್ತಾರೆ ಎಂದು ಕೇಳಿಕೊಳ್ಳುವುದು ವಾಸ್ತುಶಿಲ್ಪಿಯ ಕಾರ್ಯ. ಇಬ್ಬರೂ ಒಬ್ಬರನ್ನೊಬ್ಬರು ಬಿಟ್ಟು ಬಾಳಲಾರರು.

ಆಧುನಿಕ ರೀತಿಯಲ್ಲಿ ಈ ವಿದ್ಯೆಯ ಬೋಧನೆ ನಮ್ಮ ದೇಶದಲ್ಲಿ ಆರಂಭವಾದುದು ಮುಂಬಯಿಯ ಸರ್ ಜೆ. ಜೆ. ಕಲಾಶಾಲೆಯಲ್ಲಿ. 1896ರಲ್ಲಿ ಅಲ್ಲಿ ಮೊದಲಾದುದು ನಕ್ಷೆಗಾರರನ್ನು ತಯಾರಿಸುವ ಒಂದು ತರಗತಿ. ಅಂದರೆ, ಬೇರೊಬ್ಬರು ಯೋಚಿಸಿದ್ದನ್ನು ಅಂದವಾಗಿ ಕಾಗದದ ಮೇಲೆ ಬರೆದುಕೊಡುವವರಿಗಾಗಿ ಏರ್ಪಟ್ಟ ಶಿಕ್ಷಣ. ನಮ್ಮವರು ತಾವೇ ಯೋಚಿಸಬೇಕೆಂಬ ಹಂತಕ್ಕೆ ಬರಲು ಇನ್ನೂ ಕೆಲವು ವರ್ಷಗಳು ಬೇಕಾದವು. 1972ರಲ್ಲಿ ಪಾರ್ಲಿಮೆಂಟು ವಾಸ್ತುಶಿಲ್ಪಿಗಳ ಕಾಯಿದೆಯನ್ನು ಅಂಗೀಕರಿಸಿತು. ಅದರಂತೆ ಏರ್ಪಟ್ಟ ರಾಷ್ಟ್ರೀಯ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿದವರು ಮಾತ್ರವೇ 'ಆರ್ಕಿಟೆಕ್ಟ್' ಎಂದು ತಮ್ಮನ್ನು ಕರೆದುಕೊಳ್ಳಬಹುದು. ಆ ನೋಂದಣಿಗೆ ಬೇಕಾದ ಸ್ನಾತಕ ಪದವಿಯ ವ್ಯಾಸಂಗ ಐದು ವರ್ಷ, ಹತ್ತು ಸೆಮಿಸ್ಟರುಗಳದು. ಪ್ರವೇಶಕ್ಕೆ ಗಣಿತವನ್ನು ಓದಿರಬೇಕು. ಜೊತೆಗೆ ಅಭಿರುಚಿಯನ್ನು ಪರೀಕ್ಷಿಸುವ ಒಂದು ರಾಷ್ಟ್ರೀಯ ಪರೀಕ್ಷೆ ಇದೆ. 'ನಾಟಾ' ಎಂದು ಕರೆಯುವ ಈ ಪರೀಕ್ಷೆ 2006ರಿಂದ ನಡೆದುಬಂದಿದೆ. ಬೆಂಗಳೂರು, ಮೈಸೂರು, ಮಣಿಪಾಲಗಳಲ್ಲಿ ಇದನ್ನು ಕಲಿಸುವ ಕಾಲೇಜುಗಳಿವೆ. ಹೀಗಾಗಿ ಘಟ್ಟದ ಮೇಲಿನ ವಿದ್ಯಾರ್ಥಿ ಒಂದೋ ಬಯಲಿಗೆ ಹೋಗಬೇಕು, ಇಲ್ಲವೇ ಘಟ್ಟ ಇಳಿಯಬೇಕು.

ಅಲ್ಲಿ ಹೋದಮೇಲೆ ಅವನು ಕಾಣುವ ತರಗತಿ ಮಿಕ್ಕ ತರಗತಿಗಳಂತಲ್ಲ. ದಿನದ ಬಹುಪಾಲು ಕಳೆಯುವುದು ಸ್ಟುಡಿಯೋ ಎಂಬ ದೊಡ್ಡ ಕೊಠಡಿಯಲ್ಲಿ. ಅಲ್ಲಿ ಪಾಠ ಒಪ್ಪಿಸುವುದಿಲ್ಲ. ಬರೆಯುತ್ತಾರೆ, ಅಳಿಸುತ್ತಾರೆ, ರಟ್ಟು ಕತ್ತರಿಸಿ ಅಂಟಿಸಿ ಪುಟ್ಟ ಮಾದರಿಗಳನ್ನು ಮಾಡುತ್ತಾರೆ, ಮುರಿಯುತ್ತಾರೆ, ಮತ್ತೆ ಮಾಡುತ್ತಾರೆ. ಗಣಕಯಂತ್ರ ಬಂದು ಎಷ್ಟೋ ಕಾಲವಾಗಿದ್ದರೂ ಮೊದಲ ವರ್ಷದಲ್ಲಿ ಸೀಸದಕಡ್ಡಿಯನ್ನೇ ಹಿಡಿಸುವ ಅಧ್ಯಾಪಕರು ಈಗಲೂ ಇದ್ದಾರೆ. ಕೈಯಿಂದ ಒಂದು ಮೆಟ್ಟಿಲನ್ನು ಬರೆದವನು ಅದರ ಎತ್ತರವನ್ನು ಮರೆಯುವುದಿಲ್ಲ ಎಂಬುದು ಅವರ ವಾದ. ಸೆಮಿಸ್ಟರಿನ ಕೊನೆಯಲ್ಲಿ 'ಜೂರಿ' ಎಂಬುದೊಂದು ಬರುತ್ತದೆ. ಹೊರಗಿನಿಂದ ಬಂದ ಹಿರಿಯ ವಾಸ್ತುಶಿಲ್ಪಿಗಳ ಮುಂದೆ ವಿದ್ಯಾರ್ಥಿ ತನ್ನ ನಕ್ಷೆಗಳನ್ನು ಗೋಡೆಗೆ ತೂಗುಹಾಕಿ, ಎಲ್ಲರೆದುರು ನಿಂತು ಸಮರ್ಥಿಸಿಕೊಳ್ಳಬೇಕು. ಹಲವು ರಾತ್ರಿಗಳ ನಿದ್ದೆಗೆಟ್ಟು ಮಾಡಿದ ಕೆಲಸವನ್ನು ನಾಲ್ಕು ಮಾತಿನಲ್ಲಿ ತಳ್ಳಿಹಾಕುವುದೂ ಉಂಟು. ಸಂಕೋಚದ ಸ್ವಭಾವದ ನಮ್ಮ ಮಲೆನಾಡಿನ ಮಕ್ಕಳಿಗೆ ಇದು ಕಠಿಣ ತಪಸ್ಸು. ಇಂಗ್ಲಿಷಿನಲ್ಲಿಯೇ ಅದು ನಡೆಯುವುದರಿಂದ ಕನ್ನಡ ಶಾಲೆಯಲ್ಲಿ ಓದಿದವರಿಗೆ ಇಮ್ಮಡಿ ಕಠಿಣ.

ಆದರೆ ಅವರ ಕೈಯಲ್ಲಿ ಬೇರೆಯವರಿಗಿಲ್ಲದ ಒಂದು ಬಂಡವಾಳ ಇರುತ್ತದೆ. ಅದು ಮಳೆಯ ಅನುಭವ. ಮೊದಲ ವರ್ಷದ ತರಗತಿಯೊಂದರಲ್ಲಿ ಒಂದು ಪುಟ್ಟ ಮನೆಯನ್ನು ಕಲ್ಪಿಸಿ ಬರೆಯುವಂತೆ ಹೇಳಿದಾಗ ಎಲ್ಲರೂ ಕೋಣೆಗಳ ತಳವಿನ್ಯಾಸದಿಂದ ಆರಂಭಿಸಿದರಂತೆ. ಕಳಸದ ಕಡೆಯಿಂದ ಬಂದ ಹುಡುಗಿಯೊಬ್ಬಳು ಮಾತ್ರ ಇಳಿಜಾರಾದ ಎರಡು ಗೆರೆಗಳನ್ನೆಳೆದು ಕುಳಿತಿದ್ದಳು. 'ಇದೇನಮ್ಮ?' ಎಂದು ಅಧ್ಯಾಪಕರು ಕೇಳಿದರೆ, 'ನಮ್ಮ ಕಡೆ ಮೊದಲು ಮಾಡು, ಆಮೇಲೆ ಮನೆ ಸರ್' ಎಂದಳಂತೆ. ಈ ಮಾತನ್ನು ನನಗೆ ಹೇಳಿದ ಆ ಅಧ್ಯಾಪಕರು, ಆ ದಿನದ ಪಾಠವನ್ನು ಅವಳೇ ಮಾಡಿದಳು ಎಂದು ಸೇರಿಸಿದರು.

ಚಿಕ್ಕಮಗಳೂರು ಜಿಲ್ಲೆಯನ್ನೇ ನೋಡಿ. ಪೂರ್ವದ ಕಡೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರು. ಪಶ್ಚಿಮದ ಶೃಂಗೇರಿಯ ಕಡೆ ಅದು 3000ವನ್ನು ಮೀರುತ್ತದೆ. ನಡುವೆ ಬಾಬಾಬುಡನ್ ಗಿರಿಶ್ರೇಣಿ ಗೋಡೆಯಂತೆ ನಿಂತಿದೆ. ಒಂದೇ ಜಿಲ್ಲೆಯಲ್ಲಿ ಎರಡು ಹವೆ, ಎರಡು ಬಗೆಯ ಮಣ್ಣು, ಎರಡು ಬಗೆಯ ಮನೆ. ಒಂದೇ ನಕ್ಷೆಯ ಶಾಲೆಯನ್ನು ಕಡೂರಿಗೂ ಕಳಸಕ್ಕೂ ಕಟ್ಟಿಸಿಕೊಟ್ಟರೆ ಒಂದು ಕಡೆ ಮಕ್ಕಳು ಬೇಯುತ್ತಾರೆ, ಇನ್ನೊಂದು ಕಡೆ ನೆನೆಯುತ್ತಾರೆ. ಇಷ್ಟು ಸರಳವಾದ ಮಾತನ್ನು ತಿಳಿಯಲು ಐದು ವರ್ಷದ ಓದು ಬೇಕೆ ಎಂದು ನೀವು ಕೇಳಬಹುದು. ತಿಳಿಯುವುದಕ್ಕೆ ಬೇಡ, ತಿಳಿದದ್ದನ್ನು ಗೋಡೆ, ಕಿಟಕಿ, ಸೂರುಗಳಾಗಿ ಮಾರ್ಪಡಿಸುವುದಕ್ಕೆ ಬೇಕು.

ಈ ವ್ಯಾಸಂಗದಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದೆಂದು ತೋರುವುದು ಹಳೆಯ ಕಟ್ಟಡವೊಂದನ್ನು ಅಂಗುಲ ಅಂಗುಲವಾಗಿ ಅಳೆದು ಅದರ ನಕ್ಷೆ ತೆಗೆಯುವ ಅಭ್ಯಾಸ. ವಿದ್ಯಾರ್ಥಿಗಳು ತಂಡವಾಗಿ ಒಂದು ಊರಿಗೆ ಹೋಗಿ, ಟೇಪು ಹಿಡಿದು, ಅಟ್ಟ ಹತ್ತಿ, ತೊಲೆಯ ದಪ್ಪದಿಂದ ಹೊಸ್ತಿಲಿನ ಎತ್ತರದವರೆಗೆ ಎಲ್ಲವನ್ನೂ ಗುರುತುಮಾಡಿಕೊಳ್ಳುತ್ತಾರೆ. ಹಾಗೆ ನಮ್ಮ ಕಡೆಯ ತೊಟ್ಟಿಮನೆಯೊಂದನ್ನು ಅಳೆದರೆ ಏನು ಕಾಣುತ್ತದೆ? ಮನೆ ಗುಡ್ಡದ ನೆತ್ತಿಯಲ್ಲಿಲ್ಲ, ಗದ್ದೆಯ ಬಯಲಿನಲ್ಲಿಯೂ ಇಲ್ಲ. ಗಾಳಿಯ ಹೊಡೆತಕ್ಕೆ ಸಿಕ್ಕದಂತೆ, ನೀರು ನಿಲ್ಲದಂತೆ ನಡುವಿನ ಏರಿನಲ್ಲಿದೆ. ಸೂರು ತಗ್ಗಾಗಿ ಜಗಲಿಯಾಚೆಗೆ ಚಾಚಿಕೊಂಡು ಮಣ್ಣಿನ ಗೋಡೆಯನ್ನು ಇರಚಲಿನಿಂದ ಕಾಪಾಡುತ್ತದೆ. ಒಲೆಯ ಹೊಗೆ ಅಟ್ಟದ ಮೂಲಕ ಹಾದುಹೋಗುವುದರಿಂದ ಮಳೆಗಾಲದಲ್ಲಿಯೂ ಅಲ್ಲಿಟ್ಟ ಸಾಮಾನು ಬೂಸ್ಟು ಹಿಡಿಯುವುದಿಲ್ಲ, ತೊಲೆ ಜಂತಿಗಳಿಗೆ ಹುಳು ಬೀಳುವುದೂ ಕಡಿಮೆ. ನಡುವಿನ ತೊಟ್ಟಿಯಿಂದ ಬರುವ ಬೆಳಕು ನಾಲ್ಕು ಕಡೆಯ ಪಡಸಾಲೆಗಳಿಗೂ ಹಂಚಿಹೋಗುತ್ತದೆ.

ಮಾಡಿನ ಮೇಲಿನ ಕೆಂಪು ಹಂಚನ್ನು ನಾವು ಅನಾದಿಕಾಲದ್ದೆಂದು ಭಾವಿಸುತ್ತೇವೆ. ನಿಜವಾಗಿ ಅದು ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ತೆರೆದ ಕಾರ್ಖಾನೆಯಿಂದ ಆರಂಭವಾದದ್ದು. ಅದಕ್ಕೆ ಮೊದಲು ಹುಲ್ಲು, ಸೋಗೆ, ಕುಂಬಾರರ ನಾಡಹಂಚು. ಒಂದರೊಳಗೊಂದು ಕಚ್ಚಿ ಕೂರುವ ಹೊಸ ಹಂಚು ಬಂದಾಗ, ಒಂದೇ ಅಂತರದಲ್ಲಿ ನೇರವಾಗಿ ರೀಪು ಹೊಡೆಯುವುದನ್ನು ಬಡಗಿ ಕಲಿಯಬೇಕಾಯಿತು. ಪರಂಪರೆಯೆಂದು ನಾವು ಕರೆಯುವುದರೊಳಗೆ ಒಂದು ಕಾಲದ ಹೊಸತನ್ನು ಜಾಣತನದಿಂದ ಒಗ್ಗಿಸಿಕೊಂಡ ಚರಿತ್ರೆಯೂ ಇದೆ ಎಂಬುದನ್ನು ಈ ಹಂಚು ಹೇಳುತ್ತದೆ.

ಆದರೆ ಅಳತೆಯ ಟೇಪು ಹೊಗಳುಭಟನಲ್ಲ. ಅದೇ ನಕ್ಷೆಯನ್ನು ಇನ್ನೊಮ್ಮೆ ನೋಡಿದರೆ, ಯಾರು ಅಂಗಳದವರೆಗೆ ಬರಬಹುದಿತ್ತು, ಯಾರು ಜಗಲಿಯವರೆಗೆ, ಯಾರು ನಡುಮನೆಯವರೆಗೆ ಎಂಬುದೂ ಮೆಟ್ಟಿಲು ಮೆಟ್ಟಿಲಾಗಿ ಅದರಲ್ಲಿ ಬರೆದಿದೆ. ಅತ್ಯಂತ ಕತ್ತಲೆಯ ಕೋಣೆ ಹೆಂಗಸರು ದಿನವೆಲ್ಲ ದುಡಿಯುವ ಅಡಿಗೆಮನೆ ಎಂಬುದೂ ಬರೆದಿದೆ. ತೋಟದ ಇನ್ನೊಂದು ಅಂಚಿನಲ್ಲಿ ಇರುವ ಲೈನುಮನೆಗಳನ್ನು ಅಳೆದರೆ ಕತೆ ಇನ್ನೂ ಬೇರೆ. ಸಾಲಾಗಿ ಬೆನ್ನಿಗೆ ಬೆನ್ನು ತಾಗಿಸಿದಂತಿರುವ ಒಂದೊಂದೇ ಕೋಣೆ, ಮುಂದೊಂದು ಕಿರಿದಾದ ಜಗಲಿ. ಅದರಲ್ಲಿಯೇ ಒಲೆ, ಅದರಲ್ಲಿಯೇ ಹಾಸಿಗೆ, ಅದರಲ್ಲಿಯೇ ಮಗುವಿನ ಓದು. 1951ರ ತೋಟ ಕಾರ್ಮಿಕರ ಕಾಯಿದೆ ಕೆಲಸಗಾರರಿಗೆ ವಸತಿ ಒದಗಿಸುವ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಿತು. ಆ ಹೊಣೆಯನ್ನು ಚೆನ್ನಾಗಿ ನಿರ್ವಹಿಸಿದ ತೋಟಗಳೂ ಇವೆ, ತಗಡಿನ ಕೆಳಗೆ ನಾಲ್ಕು ಗೋಡೆ ನಿಲ್ಲಿಸಿ ಮುಗಿಸಿದ ತೋಟಗಳೂ ಇವೆ. ಬಂಗಲೆಯ ನಕ್ಷೆಗೆ ಕೊಟ್ಟ ಗಮನದ ಹತ್ತರಲ್ಲೊಂದು ಪಾಲನ್ನು ಲೈನಿನ ನಕ್ಷೆಗೆ ಕೊಟ್ಟಿದ್ದರೆ ಎಷ್ಟು ಸಂಸಾರಗಳಿಗೆ ಹೊಗೆಯಿಲ್ಲದ ಅಡಿಗೆ, ಒಣಗಿದ ಹಾಸಿಗೆ ದೊರೆಯುತ್ತಿತ್ತು ಎಂದು ಯೋಚಿಸದಿರಲು ಸಾಧ್ಯವಿಲ್ಲ. ವಾಸ್ತುಶಿಲ್ಪವನ್ನು ಶ್ರೀಮಂತರ ವಿಲಾಸವೆಂದು ಕರೆಯುವವರಿಗೆ ನಾನು ತೋರಿಸುವುದು ಈ ಲೈನುಮನೆಗಳನ್ನೇ. ಒಳ್ಳೆಯ ಯೋಚನೆ ಅತ್ಯಂತ ಅಗತ್ಯವಾಗಿರುವುದು ಜಾಗವೂ ಹಣವೂ ಕಡಿಮೆ ಇರುವಲ್ಲಿ.

ಇನ್ನು ಬೇಲೂರಿನ ಮಾತು. ಹೊಯ್ಸಳರ ಮೂಲಸ್ಥಾನವೆನ್ನುವ ಸೊಸೆವೂರು, ಅಂದರೆ ಅಂಗಡಿ, ನಮ್ಮ ಮೂಡಿಗೆರೆ ತಾಲ್ಲೂಕಿನದೇ. ಅಲ್ಲಿನ ಸಣ್ಣ ಬಸದಿಗಳಿಂದ ಹೊರಟ ಕಲೆ 1117ರ ಬೇಲೂರಿನ ದೇವಾಲಯದಲ್ಲಿ, ಬೆಳವಾಡಿಯ ತ್ರಿಕೂಟದಲ್ಲಿ, 1196ರ ಅಮೃತಾಪುರದಲ್ಲಿ ಹೇಗೆ ಅರಳಿತು ಎಂಬುದನ್ನು ಒಂದೆರಡು ದಿನಗಳ ಪ್ರಯಾಣದಲ್ಲಿ ಕಣ್ಣಾರೆ ನೋಡಬಹುದು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಬೇಲೂರಿನ ವಿಗ್ರಹಗಳ ಕೆಳಗೆ ತಮ್ಮ ಹೆಸರು ಕೆತ್ತಿದ್ದಾರೆ. ಮಲ್ಲಿತಮ್ಮನ ಹೆಸರು ಅಮೃತಾಪುರದಲ್ಲಿದೆ. ತಂದೆಯ ಪಕ್ಕದಲ್ಲಿ ಕುಳಿತು ಮಗ ಉಳಿ ಹಿಡಿದದ್ದೇ ಆಗಿನ ವಿದ್ಯಾಭ್ಯಾಸ. ಆ ಪದ್ಧತಿಯಲ್ಲಿ ಕೈಗೂ ಕಲ್ಲಿಗೂ ನಡುವೆ ಅಂತರವಿರಲಿಲ್ಲ. ಆದರೆ ಆ ಮನೆತನದಲ್ಲಿ ಹುಟ್ಟದವನಿಗೆ ಬಾಗಿಲೂ ಇರಲಿಲ್ಲ. ಹೆಣ್ಣುಮಕ್ಕಳಿಗಂತೂ ಇಲ್ಲವೇ ಇಲ್ಲ. ವಿಶ್ವವಿದ್ಯಾಲಯ ಆ ಬಾಗಿಲನ್ನು ಎಲ್ಲರಿಗೂ ತೆರೆಯಿತು, ಇದು ಸಣ್ಣ ಮಾತಲ್ಲ. ಪ್ರತಿಯಾಗಿ ಅದು ಕಳೆದುಕೊಂಡದ್ದು ಕೈಯ ಪರಿಚಯವನ್ನು. ಐದು ವರ್ಷ ಓದಿಯೂ ಒಂದು ಇಟ್ಟಿಗೆ ಇಟ್ಟು ನೋಡದೆ ಪದವೀಧರನಾಗುವುದು ಈಗ ಸಾಧ್ಯ. ಮೇಸ್ತ್ರಿಯ ಮುಂದೆ ಅಂಥವನ ನಕ್ಷೆ ತಡವರಿಸಿದರೆ ತಪ್ಪು ಮೇಸ್ತ್ರಿಯದಲ್ಲ.

ಪಠ್ಯಪುಸ್ತಕಗಳೆಲ್ಲ ಪಶ್ಚಿಮದಿಂದ ಬಂದವು, ನಮ್ಮ ನೆಲಕ್ಕೆ ಅವು ಹೊಂದುವುದಿಲ್ಲ ಎಂಬ ದೂರೊಂದು ಆಗಾಗ ಕೇಳಿಬರುತ್ತದೆ. ಅದರಲ್ಲಿ ಹುರುಳಿದೆ. ಆದರೆ ಒಂದು ಸ್ವಾರಸ್ಯದ ಸಂಗತಿಯನ್ನು ಗಮನಿಸಬೇಕು. ಹಿಟ್ಲರನ ಜರ್ಮನಿಯನ್ನು ಬಿಟ್ಟು ಬಂದ ಆಟೋ ಕೊನಿಗ್ಸ್‌ಬರ್ಗರ್ ಎಂಬ ತರುಣ ವಾಸ್ತುಶಿಲ್ಪಿ 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ನೇಮಕಗೊಂಡರು. ನಮ್ಮ ಬಿಸಿಲು, ನಮ್ಮ ಗಾಳಿ, ನಮ್ಮ ಮಳೆಗಳ ನಡುವೆ ಅವರು ಸುಮಾರು ಹತ್ತು ವರ್ಷ ಕೆಲಸ ಮಾಡಿದರು. ಅನಂತರ ಲಂಡನ್ನಿನಲ್ಲಿ ಉಷ್ಣವಲಯದ ವಾಸ್ತುಶಿಲ್ಪದ ವಿಭಾಗದ ಮುಖ್ಯಸ್ಥರಾಗಿ ನಾನಾ ದೇಶಗಳ ವಿದ್ಯಾರ್ಥಿಗಳಿಗೆ ಕಲಿಸಿದರು. ಅವರೂ ಸಂಗಡಿಗರೂ ಬರೆದು 1974ರಲ್ಲಿ ಹೊರಬಂದ ಕೈಪಿಡಿಯನ್ನು ಇಂದಿಗೂ ವಿದ್ಯಾರ್ಥಿಗಳು ಓದುತ್ತಾರೆ. ಮೂಡಿಗೆರೆಯ ಹುಡುಗ ಬೆಂಗಳೂರಿನ ಗ್ರಂಥಾಲಯದಲ್ಲಿ ಆ ಪುಸ್ತಕವನ್ನು ತೆರೆದಾಗ, ಅದರ ಹಿಂದೆ ಮೈಸೂರು ಸೀಮೆಯಲ್ಲಿ ಪಡೆದ ಅನುಭವವೂ ಇದೆ ಎಂಬುದನ್ನು ಅವನಿಗೆ ಯಾರಾದರೂ ಹೇಳಬೇಕು.

ಲಾರಿ ಬೇಕರ್ ಇಂಗ್ಲೆಂಡಿನಲ್ಲಿ ಕಲಿತವರು. ಹಿಮಾಲಯದ ಪಿತೋರಗಢದಲ್ಲಿ ವರ್ಷಗಟ್ಟಲೆ ನೆಲಸಿ, ಅಲ್ಲಿನ ಬೆಟ್ಟದ ಜನ ಕಟ್ಟುವ ರೀತಿಯನ್ನು ನೋಡಿ, ತಾವು ಕಲಿತದ್ದನ್ನು ಮತ್ತೆ ಕಲಿತೆವೆಂದು ಒಪ್ಪಿಕೊಂಡವರು. ಮುಂದೆ ಕೇರಳದಲ್ಲಿ ಕಡಿಮೆ ಇಟ್ಟಿಗೆಯ ಗೋಡೆ, ತಾರಸಿಯ ಕಾಂಕ್ರೀಟಿನ ನಡುವೆ ಹಳೆಯ ಹಂಚು ತುಂಬುವ ಉಪಾಯಗಳಿಂದ ಬಡವರಿಗೂ ಒದಗುವ ಮನೆಗಳನ್ನು ಕಟ್ಟಿದರು. 2018ರಲ್ಲಿ ಪ್ರಿಟ್ಸ್‌ಕರ್ ಪ್ರಶಸ್ತಿ ಪಡೆದ ಬಾಲಕೃಷ್ಣ ದೋಶಿಯವರು ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್ ಕಟ್ಟಡವನ್ನು ಸ್ಥಳೀಯ ಕಲ್ಲಿನಿಂದ, ನೆರಳು ಬೆಳಕಿನ ಓಣಿಗಳಾಗಿ ರೂಪಿಸಿದರು. ಮಣಿಪಾಲದ ವಿಜಯನಾಥ ಶೆಣೈಯವರು ವಾಸ್ತುಶಿಲ್ಪದ ಪದವೀಧರರೇ ಅಲ್ಲ, ಬ್ಯಾಂಕಿನಲ್ಲಿದ್ದವರು. ಬೀಳಿಸಲು ಹೊರಟಿದ್ದ ಹಳೆಯ ಮನೆಗಳನ್ನು ಬಿಚ್ಚಿ ತಂದು ಮರುಜೋಡಿಸಿ ಒಂದು ಊರನ್ನೇ ಉಳಿಸಿದರು. ಅಂದಮೇಲೆ ಪದವಿಯೊಂದೇ ಎಲ್ಲವೂ ಅಲ್ಲ. ಪದವಿ ಇದ್ದವರಿಗೆ ಆ ಕಣ್ಣೂ ಇದ್ದರೆ ಎಷ್ಟು ಆಗಬಹುದು ಎಂಬುದೇ ನನ್ನ ಆಸೆ.

ಆಸೆಗೆ ಕಾರಣವಿದೆ, ಆತಂಕಕ್ಕೂ ಕಾರಣವಿದೆ. ಇಂದು ಕೊಪ್ಪದಿಂದ ಕೊಟ್ಟಿಗೆಹಾರದವರೆಗೆ ಪ್ರಯಾಣಮಾಡಿದರೆ ಒಂದು ವಿಚಿತ್ರವನ್ನು ಕಾಣುತ್ತೀರಿ. ಚಪ್ಪಟೆ ತಾರಸಿಯ ಮನೆ. ಅದು ಸೋರುವುದರಿಂದ ಅದರ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಹೊದಿಸಿದ ಶೀಟಿನ ಮಾಡು. ಒಂದೇ ಮನೆಗೆ ಎರಡು ಚಾವಣಿಯ ಖರ್ಚು! ಮಾಡನ್ನು ಬೇಡವೆಂದು ಹೊರಗೆ ಹಾಕಿದೆವು, ಮಳೆ ಅದನ್ನು ಮತ್ತೆ ಕರೆತಂದು ತಲೆಯ ಮೇಲೆ ಕೂರಿಸಿತು. ಇದು ನಗುವ ವಿಷಯವಾಯಿತು. ನಗಲಾಗದ ವಿಷಯವೆಂದರೆ ಗುಡ್ಡವನ್ನು ಕಡಿಯುವುದು. ಮನೆಗೆ, ಹೋಂಸ್ಟೇಗೆ, ರೆಸಾರ್ಟಿಗೆ ಸಮತಟ್ಟು ಜಾಗ ಬೇಕೆಂದು ಜೆ.ಸಿ.ಬಿ. ತಂದು ಏರಿನ ಬುಡವನ್ನೇ ನೆಟ್ಟಗೆ ಕತ್ತರಿಸುತ್ತೇವೆ. ಕೆಳಗಿನ ಆಧಾರ ಹೋದ ಮಣ್ಣು ಮಳೆನೀರನ್ನು ಕುಡಿದು ಭಾರವಾಗಿ ಒಂದು ರಾತ್ರಿ ಜಾರುತ್ತದೆ. 2018ರಲ್ಲಿ ಕೊಡಗು ಕುಸಿಯಿತು. 2019ರ ಆಗಸ್ಟಿನಲ್ಲಿ ನಮ್ಮ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡ ಜರಿದು ಮನೆ, ತೋಟ, ಗದ್ದೆಗಳು ಮಣ್ಣುಪಾಲಾದವು. 2024ರ ಜುಲೈಯಲ್ಲಿ ನೆರೆಯ ವಯನಾಡಿನಲ್ಲಿ ನೂರಾರು ಜನ ಜೀವ ಕಳೆದುಕೊಂಡರು. ಎಲ್ಲ ಕುಸಿತಗಳಿಗೂ ಕಟ್ಟಡವೇ ಕಾರಣವೆನ್ನುವಂತಿಲ್ಲ. ಅತಿವೃಷ್ಟಿ ಮುಖ್ಯ ಕಾರಣ. ಆದರೆ ಏರನ್ನು ಕಡಿಯದೆ ಮೆಟ್ಟಿಲು ಮೆಟ್ಟಿಲಾಗಿ ಮನೆಯನ್ನೇ ಇಳಿಸುವುದು, ನೀರು ಹರಿಯುವ ಹಳ್ಳದ ದಾರಿಗೆ ಅಡ್ಡ ನಿಲ್ಲದಿರುವುದು, ತಡೆಗೋಡೆಯ ಹಿಂದಿನ ನೀರು ಹೊರಬರಲು ತೂತು ಬಿಡುವುದು, ಕಟ್ಟಲೇಬಾರದ ಜಾಗದಲ್ಲಿ 'ಇಲ್ಲಿ ಬೇಡ' ಎಂದು ಧೈರ್ಯವಾಗಿ ಹೇಳುವುದು, ಇವು ಮನುಷ್ಯನ ಕೈಯಲ್ಲಿರುವ ಮಾತುಗಳು. ವಾಸ್ತುಶಿಲ್ಪದ ವಿದ್ಯಾರ್ಥಿ ಮೊದಲ ಸ್ಥಳವಿನ್ಯಾಸದ ಪಾಠದಲ್ಲಿ ಕಲಿಯಬೇಕಾದದ್ದು ಇವನ್ನೇ.

ಕಳಸದಾಚೆಯ ಕುದುರೆಮುಖವೂ ಒಂದು ದೊಡ್ಡ ಪಾಠಶಾಲೆ. 1976ರಲ್ಲಿ ಸ್ಥಾಪನೆಯಾದ ಅದಿರು ಕಂಪೆನಿಗಾಗಿ ಕಾಡಿನ ನಡುವೆ ಒಂದು ಪಟ್ಟಣ ಎದ್ದಿತು. ಮನೆ, ಶಾಲೆ, ಆಸ್ಪತ್ರೆ ಎಲ್ಲವೂ ಬಂದವು. ಸುಪ್ರೀಂ ಕೋರ್ಟಿನ ಆಜ್ಞೆಯಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು, ಜನ ಚದುರಿದರು, ಸಾಲು ಸಾಲು ಮನೆಗಳು ಪಾಚಿ ಹಿಡಿದವು. ಒಂದೇ ಉದ್ಯೋಗವನ್ನು ನಂಬಿ ಊರು ಕಟ್ಟಿದರೆ ಏನಾಗುತ್ತದೆ, ಕಟ್ಟಡ ಎಷ್ಟು ವರ್ಷ ಬಾಳಬೇಕು, ಕೆಲಸ ಮುಗಿದಮೇಲೆ ಕಾಡಿಗೆ ಅದನ್ನು ಹೇಗೆ ಒಪ್ಪಿಸಬೇಕು? ಕೊನೆಯ ವರ್ಷದ ಪ್ರಬಂಧಕ್ಕೆ ಇದಕ್ಕಿಂತ ಗಂಭೀರವಾದ ವಿಷಯ ಬೇಕೆ?

ಹೀಗೆ ಕಲಿತವರು ಊರಿಗೆ ಮರಳುತ್ತಾರೆಯೆ? ಹೆಚ್ಚಿನವರು ಮರಳುವುದಿಲ್ಲ ಎಂಬುದು ನಾವೆಲ್ಲ ಕಂಡದ್ದೇ. ಬೆಂಗಳೂರಿನಲ್ಲಿ ಕಚೇರಿಗಳಿವೆ, ಸಂಬಳವಿದೆ. ಇಲ್ಲಿ ಕಲ್ಲಿಗೆ, ಸಿಮೆಂಟಿಗೆ ಹಣ ಕೊಡುವವರು ನಕ್ಷೆಗೆ ಹಣ ಕೊಡಲು ಹಿಂಜರಿಯುತ್ತಾರೆ. 'ಮೇಸ್ತ್ರಿ ಇದ್ದಾನಲ್ಲ' ಎನ್ನುತ್ತಾರೆ. ಮರಳದವರನ್ನು ದೂರುವ ಮುನ್ನ ನಾವು ಅವರಿಗೆ ಯಾವ ಕೆಲಸ ಕೊಟ್ಟೆವು ಎಂದು ಕೇಳಿಕೊಳ್ಳುವುದು ನ್ಯಾಯ. ಪಂಚಾಯಿತಿಯ ಅಂಗನವಾಡಿ, ಬಸ್ಸು ನಿಲ್ದಾಣ, ಸಂತೆಯ ಕಟ್ಟೆ, ತೋಟದ ಲೈನು, ಇವಕ್ಕೆ ಒಬ್ಬ ತರುಣ ವಾಸ್ತುಶಿಲ್ಪಿಯನ್ನು ಕರೆದು, ನುರಿತ ಮೇಸ್ತ್ರಿಯೊಬ್ಬನ ಜೊತೆ ಕೂರಿಸಿದರೆ ಇಬ್ಬರಿಗೂ ಲಾಭ, ಊರಿಗೆ ಇನ್ನೂ ಹೆಚ್ಚಿನ ಲಾಭ.

ಕೊನೆಯದಾಗಿ, ಈ ಓದಿನ ಕಡೆ ಮನಸ್ಸು ಮಾಡಿರುವ ವಿದ್ಯಾರ್ಥಿಗಳಿಗೂ ಅವರ ತಂದೆತಾಯಿಗಳಿಗೂ ಒಂದು ಸಲಹೆ. ಅರ್ಜಿ ತುಂಬುವ ಮೊದಲು ಒಂದು ಟೇಪು, ಒಂದು ಚೌಕಳಿ ಪುಸ್ತಕ ತೆಗೆದುಕೊಂಡು ನಿಮ್ಮ ಮನೆಯನ್ನೇ ಅಳೆಯಿರಿ. ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಮುಚ್ಚಿಗೆ, ಜಂತಿ, ಪಕಾಸಿ, ಬಚ್ಚಲು, ಹಿತ್ತಿಲು ಎಂದು ಒಂದೊಂದು ಭಾಗಕ್ಕೂ ಅವರು ಹೇಳುವ ಹೆಸರನ್ನು ಬರೆದುಕೊಳ್ಳಿ. ಮುಂದೆ ಇಂಗ್ಲಿಷಿನ ಹೆಸರುಗಳ ನಡುವೆ ಅವು ನಿಮಗೆ ಬೇಕಾಗುತ್ತವೆ. ಜೋರು ಮಳೆಯ ದಿನ ಹೊರಗೆ ನಿಂತು ಸೂರಿನ ನೀರು ಎಲ್ಲಿ ಬಿದ್ದು ಯಾವ ದಾರಿಯಲ್ಲಿ ಹೋಗುತ್ತದೆ ಎಂಬುದನ್ನು ಗುರುತುಮಾಡಿ. ಹತ್ತಿರ ಲೈನುಮನೆ ಇದ್ದರೆ, ಅಲ್ಲಿಯವರ ಅಪ್ಪಣೆ ಕೇಳಿ ಅದನ್ನೂ ಅಳೆಯಿರಿ. ಅಲ್ಲಿ ಯಾವ ಒಂದು ಬದಲಾವಣೆ ಬೇಕೆಂದು ಅವರನ್ನೇ ಕೇಳಿ. ಈ ಕೆಲಸದಲ್ಲಿ ನಿಮಗೆ ಹೊತ್ತು ಹೋದದ್ದು ತಿಳಿಯದಿದ್ದರೆ, ಧೈರ್ಯವಾಗಿ ಅರ್ಜಿ ತುಂಬಿ. ಬೇಸರ ಬಂದರೂ ನಷ್ಟವಿಲ್ಲ. ನೀವು ಹುಟ್ಟಿ ಬೆಳೆದ ಮನೆಯ ನಕ್ಷೆಯೊಂದು ಮನೆಯಲ್ಲಿ ಉಳಿಯುತ್ತದೆ.